ಹೊಸಕೊಲ್ಲಿ ಮೈದಾನಕ್ಕೆ ಒಂದು ದನಿ ಬೇಕು

ಎಸ್ಟೇಟ್ ಡಿಸ್ಪೆನ್ಸರಿ, ಹೊಸಕೊಲ್ಲಿ
ಪಾಲಿಬೆಟ್ಟ ಅಂಚೆ
12 ಜೂನ್ 2025

ಪ್ರೀತಿಯ ಕಾವ್ಯ,

ನಿನ್ನ ವಿಳಾಸ ಸಿಗಲು ನನಗೆ ಒಂಬತ್ತು ತಿಂಗಳು ಬೇಕಾಯಿತು ನೋಡು! ಕೊನೆಗೆ ಕುಶಾಲನಗರಕ್ಕೇ ಹೋಗಿ ನಿನ್ನ ಅಣ್ಣ ನವೀನನ ಅಂಗಡಿಯ ಮುಂದೆ ಕೂತೆ. ವಿಳಾಸ ಕೊಡದೆ ಏಳುವುದಿಲ್ಲ ಎಂದೆ. ಪಾಪ, ಎರಡು ಸಲ ಕಾಫಿ ತರಿಸಿದ, ಮೂರನೇ ಸಲ ವಿಳಾಸವನ್ನೇ ಬರೆದುಕೊಟ್ಟ. "ಅವಳು ಫೋನ್ ಬಿಟ್ಟಿದ್ದಾಳೆ ಅಕ್ಕ. ಹಿರಿಯೂರಲ್ಲಿ ಚಿಕ್ಕಮ್ಮನ ಮನೇಲಿ ಹೊಲಿಗೆ ಹಾಕ್ತಾ ಇದ್ದಾಳೆ. ಮಾತು ಕಡಿಮೆ" ಎಂದ. ನಮ್ಮ ಕಾವ್ಯ ಟೀಚರ್, ಮಾತು ಕಡಿಮೆ! ಆರು ವರ್ಷ ಗೋಡೆಗೆ ಗೋಡೆ ತಾಗಿಸಿಕೊಂಡು ಸಂಸಾರ ಮಾಡಿದ ನಾನು ಇದನ್ನು ನಂಬಬೇಕಂತೆ.

ಇರಲಿ, ಸುದ್ದಿ ಕೇಳು. ಹೇಳದಿದ್ದರೆ ನನ್ನ ಹೊಟ್ಟೆ ಒಡೆದುಹೋಗುತ್ತದೆ. ನಮ್ಮೂರಿನಲ್ಲಿ ತರಬೇತಿ ಶುರುವಾಗಿದೆ. ಹೋದ ವರ್ಷದಂಥದ್ದು ಮತ್ತೆ ನಡೆದರೆ ಏನು ಮಾಡಬೇಕು ಎನ್ನುವ ತರಬೇತಿ. ಮಂಗಳೂರಿನಿಂದ ಕೀರ್ತಿಕುಮಾರ್ ಅಂತ ಒಬ್ಬರು ಬಂದಿದ್ದರು, ತುಂಬಾ ಓದಿದವರು, ಇಸ್ತ್ರಿ ಮಾಡಿದ ಅಂಗಿ. ಶಾಲೆಯ ಹಾಲ್‌ನಲ್ಲಿ ನಮ್ಮ ಮೈದಾನದ ಕಥೆಯನ್ನೇ ನಮಗೆ ಓದಿ ಹೇಳಿದರು. ಹೋದ ಸೆಪ್ಟೆಂಬರ್, ಕೋವಿ ಪೂಜೆಯ ಕೈಲ್ ಮುಹೂರ್ತ ಹಬ್ಬದ ಆಟೋಟ, ಮಧ್ಯಾಹ್ನ ಎರಡು ಮುಕ್ಕಾಲು, ಕೋವಿ ಹಿಡಿದು ಬಂದ ಒಬ್ಬ ಮನುಷ್ಯ, ಮೂವರ ಸಾವು, ಹನ್ನೊಂದು ಜನರಿಗೆ ಗಾಯ. ಕಾಗದದಲ್ಲಿ ನಾಲ್ಕೇ ಸಾಲು.

ಆಮೇಲೆ ಅವರು "ಈಗ ಸ್ಪೀಕರಿನಲ್ಲಿ ಗುಂಡಿನ ಸದ್ದು ಬರುತ್ತೆ, ಕೇಳಿದ ತಕ್ಷಣ ಏನು ಮಾಡ್ತೀರೋ ಮಾಡಿ" ಎಂದರು. ಢಂ ಎಂದಿತು. ಕಾವ್ಯ, ಒಬ್ಬರೂ ಅಲ್ಲಾಡಲಿಲ್ಲ ಕಣೇ! ಮುತ್ತಮ್ಮ ಇದ್ದಾರಲ್ಲ, ಮಹಿಳಾ ಸಮಾಜದ ಅಧ್ಯಕ್ಷೆ, ಅವರು ತಲೆ ವಾಲಿಸಿ "ಇದು ಜೋಡಿ ನಳಿಗೆ ಅಲ್ಲ, ಒಂಟಿ ನಳಿಗೆ" ಎಂದರು. ಹಿಂದಿನ ಸಾಲಿನ ಯಜಮಾನರೊಬ್ಬರು "ತೋಟಾ ಹಳೇದು, ಸದ್ದು ಮೆತ್ತಗೈತೆ" ಎಂದರು. ಅಲ್ಲೇ ವಾದ ಹತ್ತಿಕೊಂಡಿತು. ಕೀರ್ತಿಕುಮಾರ್ ಅವರ ಮುಖ ನೀನು ನೋಡಬೇಕಿತ್ತು. ಮಗು ಹುಟ್ಟಿದರೆ ಗುಂಡು, ಸತ್ತರೆ ಗುಂಡು, ಮದುವೆಗೆ ಗುಂಡು, ಆನೆ ಓಡಿಸಲು ಗುಂಡು, ಹಬ್ಬದ ಸ್ಪರ್ಧೆಯಲ್ಲಿ ಮರಕ್ಕೆ ಕಟ್ಟಿದ ತೆಂಗಿನಕಾಯಿಗೂ ಗುಂಡು. ನಮ್ಮವರು ಕೋವಿ ಸದ್ದಿಗೆ ಯಾಕೆ ಓಡುತ್ತಾರೆ? ಆವತ್ತೂ ಇದೇ ಆಗಿದ್ದಲ್ಲವೇ. ನಗುತ್ತಾ ನಗುತ್ತಾ ಎಲ್ಲರಿಗೂ ಅದು ಒಟ್ಟಿಗೇ ಹೊಳೆಯಿತು, ವಾದ ಅಲ್ಲಿಗೇ ನಿಂತಿತು.

ಹುಚ್ಚಮ್ಮನೂ ಬಂದಿದ್ದಳು. ಗಂಡ, ನಿಮ್ಮ ಶಾಲೆಯ ಜವಾನ ಸಣ್ಣಸ್ವಾಮಿ, ಆವತ್ತು ಹೋದ ಮೇಲೆ ಆಕೆ ಎಲ್ಲ ಕಡೆಗೂ ಬರುತ್ತಾಳೆ, ಎಲ್ಲ ಕಡೆಯೂ ಸುಮ್ಮನೆ ಕೂರುತ್ತಾಳೆ. ಕೊನೆಯಲ್ಲಿ ಎಲ್ಲರನ್ನೂ ಏಳಿಸಿ ಬಾಗಿಲ ಕಡೆ ನಡೆಸಿದಾಗಲೂ ಏಳಲಿಲ್ಲ. ಮಂಡಿ ನೋವಿರಬೇಕು. ನಾಳೆ ಎಣ್ಣೆ ಕೊಟ್ಟು ಬರುತ್ತೇನೆ.

ಎರಡು ಸಾಲು ಬರಿ. ಬೈದಾದರೂ ಬರಿ.

ನಿನ್ನ
ಶಾಂಭವಿ ಅಕ್ಕ

*

ಹಿರಿಯೂರು
25 ಜೂನ್ 2025

ಶಾಂಭವಿ ಅಕ್ಕನಿಗೆ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ಶಾಲೆ ಶುರುವಾದ ಕಾಲ, ಸಮವಸ್ತ್ರದ ಕೆಲಸ ಬಹಳ ಇದೆ. ದಿನಕ್ಕೆ ಎಂಟು ಅಂಗಿ ಮುಗಿಸುತ್ತೇನೆ.

ಫೋನ್ ಯಾಕೆ ಬಿಟ್ಟೆ ಎಂದು ನವೀನಣ್ಣ ನಿಮಗೆ ಹೇಳಿರಲಾರ. ಆ ವಿಡಿಯೋ ಬರುತ್ತಲೇ ಇತ್ತು. ಗುರುತಿಲ್ಲದವರು ಕಳಿಸುತ್ತಿದ್ದರು. ಅದರಲ್ಲಿ ಕೋವಿ ಹಿಡಿದವನ ಮುಖ ಕಾಣುವುದಿಲ್ಲ, ಯಾರ ಮುಖವೂ ಕಾಣುವುದಿಲ್ಲ. ಮೈಕಿನಲ್ಲಿ ನನ್ನ ದನಿ ಮಾತ್ರ ಸ್ಪಷ್ಟ. "ತೆಂಗಿನಕಾಯಿ ಸ್ಪರ್ಧೆ ಶುರುವಾಗಿದೆ, ಗಾಬರಿ ಬೇಡ, ಎಲ್ಲರೂ ಕೂತಿರಿ." ಎದ್ದಿದ್ದವರು ಕೂತರು. ನಲವತ್ತು ಸೆಕೆಂಡು ಕೂತೇ ಇದ್ದರು. ಯಾರೋ ಅದನ್ನೂ ಲೆಕ್ಕ ಹಾಕಿ ಕೆಳಗೆ ಬರೆದಿದ್ದರು.

ಆದ್ದರಿಂದ ದಯವಿಟ್ಟು ಇದನ್ನೆಲ್ಲ ನನಗೆ ಬರೆಯಬೇಡಿ. ನಿಮ್ಮ ಪತ್ರ ಬಂದು ನಾಲ್ಕು ದಿನ ಒಡೆಯದೆ ಇಟ್ಟಿದ್ದೆ.

ಜಯಪ್ಪ ಭಾವನಿಗೆ ನನ್ನ ನಮಸ್ಕಾರ ತಿಳಿಸಿ.

ಇಂತಿ,
ಕಾವ್ಯಶ್ರೀ

ಮರೆತೆ. ಮೈದಾನದ ಹಿಂದಿನ ಗೇಟಿಗೆ ಈಗಲೂ ಬೀಗ ಹಾಕುತ್ತಾರಾ?

*

ಹೊಸಕೊಲ್ಲಿ
3 ಜುಲೈ 2025

ನನ್ನ ಚಿನ್ನದಂಥ ಕಾವ್ಯ,

ಬರೆಯಬೇಡಿ ಎಂದವಳೇ ಕೊನೆಯಲ್ಲಿ ಗೇಟಿನ ಪ್ರಶ್ನೆ ಕೇಳಿದ್ದೀಯ. ಆ ಒಂದು ಸಾಲನ್ನು ನಾನು ಎಷ್ಟು ಸಲ ಓದಿದೆನೋ! ನೀನು ಕೇಳಿದ ಮೇಲೆ ನಾನು ಬರೆಯದೆ ಇರುತ್ತೇನಾ?

ಬೀಗ ಇಲ್ಲ ಕಣೇ. ಕತ್ತರಿಸಿ ಎಸೆದೆವು! ದನ ನುಗ್ಗುತ್ತವೆ ಎಂದು ತಾನೇ ಸಣ್ಣಸ್ವಾಮಿ ಬೀಗ ಹಾಕಿ ಕೀಲಿ ಜೇಬಿನಲ್ಲಿಟ್ಟುಕೊಳ್ಳುತ್ತಿದ್ದದ್ದು. ಈಗ ಒಳಗಿನಿಂದ ತಳ್ಳಿದರೆ ತೆರೆಯುವ ಅಗುಳಿ ಮಾಡಿಸಿದ್ದೇವೆ. ಪ್ರಜ್ಞೇಶ್ ವಿರಾಜಪೇಟೆಯಿಂದ ವೆಲ್ಡಿಂಗ್‌ನವರನ್ನು ಜೀಪಿನಲ್ಲಿ ಕೂರಿಸಿಕೊಂಡು ಬಂದ. ಹೌದು, ಭುಜಕ್ಕೆ ಗುಂಡು ತಗುಲಿದ ಅದೇ ಪ್ರಜ್ಞೇಶ್, ಮತ್ತೆ ಜೀಪು ಓಡಿಸುತ್ತಿದ್ದಾನೆ! ಕೋರ್ಟಿಗೆ, ಆಸ್ಪತ್ರೆಗೆ, ಪರಿಹಾರದ ಅರ್ಜಿ ಹಿಡಿದು ಮಡಿಕೇರಿಗೆ, ಎಲ್ಲಿಗೆ ಹೋಗುವುದಿದ್ದರೂ ಪೆಟ್ಟು ತಿಂದವರನ್ನು ಅವನೇ ಕರೆದುಕೊಂಡು ಹೋಗುತ್ತಾನೆ. ಗುರುವಾರ ಗುರುವಾರ ನನ್ನ ಡಿಸ್ಪೆನ್ಸರಿ ಜಗಲಿಯಲ್ಲಿ ಎಲ್ಲರೂ ಸೇರುತ್ತೇವೆ. ಅಳುವವರು ಅಳುತ್ತಾರೆ, ಕಡುಬು ತಿನ್ನುವವರು ತಿನ್ನುತ್ತಾರೆ. ಜೈಲಿನಲ್ಲಿರುವ ಆ ಮನುಷ್ಯನ ಹೆಸರನ್ನು ಮಾತ್ರ ಯಾರೂ ಎತ್ತುವುದಿಲ್ಲ, ಅದೊಂದು ಕಟ್ಟಪ್ಪಣೆ.

ಈಗ ತಮಾಷೆ ಕೇಳು. ಕೋವಿ ಸದ್ದಿಗೆ ಹೆದರದ ಊರಿಗೆ ಬೇರೆ ಸದ್ದು ಬೇಕು ಎಂದು ಕೀರ್ತಿಕುಮಾರ್ ಹೇಳಿದ್ದೇ ತಡ, ನಮ್ಮ ಯಜಮಾನರು ಎದೆ ಉಬ್ಬಿಸಿ ಎದ್ದು ನಿಂತರು. "ಮಸ್ಟರ್ ಗಂಟೆ ಇದೆಯಲ್ಲ!" ಕೂಲಿಯವರ ಲೈನ್‌ಮನೆಗಳ ಹತ್ತಿರ ನೇತುಹಾಕಿರುವ ರೈಲುಕಂಬಿ ತುಂಡು ನಿನಗೆ ಗೊತ್ತಲ್ಲ, ಬೆಳಿಗ್ಗೆ ಕೆಲಸದವರನ್ನು ಹಾಜರಿಗೆ ಕರೆಯಲು ಬಾರಿಸುತ್ತಾರೆ. ಹಾಜರಿ, ಲೆಕ್ಕ ಬರೆಯುವ ಎಸ್ಟೇಟಿನ ರೈಟರು ಬೇರೆ, ಅವರಿಗೆ ಅದೇ ಪ್ರಪಂಚ. ಸರಿ, ಅದನ್ನೇ ಮೈದಾನದ ಮಾವಿನಮರಕ್ಕೆ ಕಟ್ಟಿದೆವು. ಭಾನುವಾರ ಹನ್ನೊಂದಕ್ಕೆ ಜಯಪ್ಪನವರು ಸುತ್ತಿಗೆ ಎತ್ತಿ ಬಾರಿಸಿದರು ನೋಡು, ಅಯ್ಯೋ ಶಿವನೇ! ಮೈದಾನ ಬಿಟ್ಟು ಓಡಬೇಕಾದ ಜನ ಗಂಟೆಯ ಬುಡಕ್ಕೇ ಓಡಿ ಬಂದರು. ಲೈನ್‌ಮನೆಗಳಲ್ಲಿ ಮಲಗಿದ್ದವರೂ ಎದ್ದು ಬಂದರು. ಎರಡು ನಿಮಿಷಕ್ಕೆ ನೂರಾ ಎಪ್ಪತ್ತು ಜನ ಸಾಲಾಗಿ ನಿಂತು "ಹಾಜರಿ ತಗೊಳ್ಳಿ ರೈಟ್ರೇ" ಎಂದರು! ನಗುವುದೋ ತಲೆ ಚಚ್ಚಿಕೊಳ್ಳುವುದೋ? ಕೀರ್ತಿಕುಮಾರ್ ಮಾವಿನಮರಕ್ಕೆ ಒರಗಿ ಕಣ್ಣು ಮುಚ್ಚಿಕೊಂಡರು.

ರಕ್ತ ನಿಲ್ಲಿಸುವುದನ್ನು ಮಾತ್ರ ಡಿಸ್ಪೆನ್ಸರಿಯ ನರ್ಸಮ್ಮ ನಾನೇ ಕಲಿಸುತ್ತಿದ್ದೇನೆ, ಅದರಲ್ಲಿ ನಾವು ಗೆದ್ದಿದ್ದೇವೆ. ಬಾಳೆದಿಂಡಿಗೆ ತೂತು ಮಾಡಿ, ಹಳೆ ಸೀರೆಯ ಬಟ್ಟೆ ತುರುಕಿ, ಮಂಡಿಯೂರಿ ಮೈಭಾರ ಹಾಕಿ ಒತ್ತುವುದು. ನಲವತ್ತಾರು ಹೆಂಗಸರು ಕಲಿತರು. ಊರಿನಲ್ಲಿ ಬಾಳೆದಿಂಡಿನ ಪಲ್ಯಕ್ಕೆ ಬರ ಬಂದಿದೆ.

ಹುಚ್ಚಮ್ಮ ಗಂಟೆಗೂ ಏಳಲಿಲ್ಲ. ಆವತ್ತು ಸಣ್ಣಸ್ವಾಮಿ ಕೂತಿದ್ದ ಜಾಗ, ಎಡಗಡೆ ಮೂರನೇ ಸಾಲು, ಅಲ್ಲೇ ಕುರ್ಚಿ ಹಾಕಿಸಿಕೊಂಡು ಕೂರುತ್ತಾಳೆ. ಮಂಡಿ ನೋವಲ್ಲವಂತೆ. ಎಣ್ಣೆ ಬಾಟಲಿಯನ್ನು ಹಾಗೇ ವಾಪಸು ಕೊಟ್ಟಳು.

ಗಂಟೆಯೂ ಆಗಲಿಲ್ಲ, ಸೈರನ್ ಇಟ್ಟರೆ ಕಾಫಿ ಹಣ್ಣು ಸುಲಿಯುವ ಪಲ್ಪರ್ ಯಂತ್ರ ಶುರುವಾಯಿತು ಅಂದುಕೊಳ್ಳುತ್ತಾರೆ. ಮನುಷ್ಯರ ದನಿಯೇ ಬೇಕು ಎಂದು ತೀರ್ಮಾನವಾಯಿತು. ಊರಿಗೆಲ್ಲ ಗುರುತಿರುವ ದನಿ, ಹೇಳಿದರೆ ಜನ ಕೇಳುವ ದನಿ. ಆಗಸ್ಟ್ 31ರ ಭಾನುವಾರ ದೊಡ್ಡ ಅಭ್ಯಾಸ. ನನಗೆ ಗೊತ್ತಿರುವುದು ಅಂಥ ಒಂದೇ ದನಿ.

ಬಾ ಕಾವ್ಯ.

ಶಾಂಭವಿ

*

ಹಿರಿಯೂರು
14 ಜುಲೈ 2025

ಶಾಂಭವಿ ಅಕ್ಕ,

ಹೇಳಿದರೆ ಜನ ಕೇಳುವ ದನಿ ಎಂದು ಬರೆದಿದ್ದೀರಿ. ಹೌದು, ಕೇಳಿದರು. ಅದೇ ತೊಂದರೆಯಾದದ್ದು.

ಸಣ್ಣಸ್ವಾಮಿ ಎದ್ದಿದ್ದರು. ವೇದಿಕೆಯಿಂದ ನನಗೆ ಕಾಣುತ್ತಿತ್ತು. ಜೇಬಿಗೆ ಕೈ ಹಾಕಿಕೊಂಡು ಹಿಂದಿನ ಗೇಟಿನ ಕಡೆ ತಿರುಗಿದ್ದರು. ನಾನು ಕೂತಿರಿ ಎಂದೆ. ಅವರು ನನ್ನ ಕಡೆ ನೋಡಿ, ತಲೆಯಾಡಿಸಿ, ಕೂತರು. ಹನ್ನೆರಡು ವರ್ಷ ಆ ಶಾಲೆಯಲ್ಲಿ ಟೀಚರು ಹೇಳಿದ್ದಕ್ಕೆ ಇಲ್ಲ ಎಂದವರಲ್ಲ. ಕೀಲಿ ಆಮೇಲೆ ಅವರ ಜೇಬಿನಲ್ಲೇ ಸಿಕ್ಕಿತಂತೆ. ಇದನ್ನು ನಾನು ಪೊಲೀಸರಿಗೂ ಹೇಳಲಿಲ್ಲ, ಅಮ್ಮನಿಗೂ ಹೇಳಲಿಲ್ಲ. ನಿಮಗೆ ಯಾಕೆ ಹೇಳುತ್ತಿದ್ದೇನೋ ತಿಳಿಯದು.

ಹೋದ ವಾರ ಇಲ್ಲಿ ಅಂಗಡಿಯ ಎದುರು ಲಾರಿಯ ಟೈರು ಒಡೆಯಿತು. ಬೀದಿಯವರೆಲ್ಲ ಓಡಿದರು, ಚಿಕ್ಕಮ್ಮ ಕತ್ತರಿ ಹಿಡಿದುಕೊಂಡೇ ಓಡಿದರು. ಅಂಗಡಿಯಲ್ಲಿ ನಾನೊಬ್ಬಳೇ ಕೂತಿದ್ದೆ. ಏಳಬೇಕು ಎಂದು ಗೊತ್ತಿತ್ತು, ಕಾಲು ಬರಲಿಲ್ಲ.

ನೀವು ಸಂಭ್ರಮದಿಂದ ಬರೆಯುತ್ತೀರಿ. ಗಂಟೆಯ ತಮಾಷೆ, ಬಾಳೆದಿಂಡಿನ ತಮಾಷೆ. ಓದುತ್ತಾ ನನಗೆ ಸಿಟ್ಟು ಬರುತ್ತದೆ. ನಿಮಗೆ ಇಷ್ಟು ಉತ್ಸಾಹ ಎಲ್ಲಿಂದ ಬರುತ್ತದೆ ಅಕ್ಕ? ನಿಮಗೇನು, ಆವತ್ತು ನೀವು ಜೀವ ಉಳಿಸಿದವರು. ನನ್ನನ್ನು ಮತ್ತೆ ಆ ಮೈಕಿನ ಮುಂದೆ ನಿಲ್ಲಿಸಿ ಊರಿಗೆ ತೋರಿಸಬೇಕೇ? ಹುಚ್ಚಮ್ಮ ಮೂರನೇ ಸಾಲಿನಲ್ಲಿ ಕೂತು ನೋಡುತ್ತಿರುವಾಗ?

ಇದು ನನ್ನಿಂದ ಆಗದು. ಮತ್ತೆ ಕೇಳಬೇಡಿ.

ಕಾವ್ಯಶ್ರೀ

*

ಹೊಸಕೊಲ್ಲಿ
21 ಜುಲೈ 2025

ಕಾವ್ಯ,

ನಿನ್ನ ಪತ್ರ ಓದಿ ಮೊದಲು ಕೋಪ ಬಂತು, ಇಲ್ಲ ಎನ್ನುವುದಿಲ್ಲ. ಊರಿಗೆ ತೋರಿಸಲು ನೀನೇನು ಸರ್ಕಸ್ಸಿನ ಪ್ರಾಣಿಯೇ? ನಾನು ಅಂಥವಳೇ? ಜಯಪ್ಪನವರ ಮೇಲೆ ಸುಮ್ಮಸುಮ್ಮನೆ ರೇಗಿದೆ. ಅವರು ಪಾಪ ಊಟ ಬಿಟ್ಟು ಹೊರಗೆ ಹೋಗಿ ಕೂತರು.

ಆಮೇಲೆ ಟೈರಿನ ಮಾತು ಇನ್ನೊಮ್ಮೆ ಓದಿದೆ. ಕೋಪ ಎಲ್ಲಿ ಹೋಯಿತೋ. ನೀನು ಅಲ್ಲಿ ಒಬ್ಬಳೇ ಕೂತಿದ್ದದ್ದು ಕಣ್ಣಿಗೆ ಕಟ್ಟಿದಂತಾಗಿ ಅತ್ತುಬಿಟ್ಟೆ. ಅದಕ್ಕೆ ಚಿಕಿತ್ಸೆ ಇದೆ ಕಣೇ. ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಯಲ್ಲಿ ಮನಸ್ಸಿನ ಡಾಕ್ಟರು ಸಿಗುತ್ತಾರೆ, ಹೋಗು. ನಾಚಿಕೆ ಬೇಡ. ನಾನೂ ಹೋಗುತ್ತಿದ್ದೇನೆ, ತಿಂಗಳಿಗೊಮ್ಮೆ, ಮಡಿಕೇರಿಗೆ. ಯಾರಿಗೂ ಹೇಳಿಲ್ಲ.

ನಿನ್ನೆ ಮುತ್ತಮ್ಮನವರು ಮೈಕ್ ಹಿಡಿದರು. ಅವರದು ಗಟ್ಟಿ ದನಿ, ಆದರೆ ಪ್ರತಿ ವರ್ಷ ಊಟಕ್ಕೆ ಕರೆಯುವ ದನಿಯೂ ಅದೇ. "ಎಲ್ಲರೂ ಏಳಿ" ಎಂದರು, ಜನ ಎದ್ದು ಅಡುಗೆ ಶೆಡ್ಡಿನ ಕಡೆ ಹೊರಟರು! ತಟ್ಟೆ ಎಲ್ಲಿ ಎಂದು ಕೇಳಿದವರೂ ಇದ್ದಾರೆ. ಮುತ್ತಮ್ಮನವರಿಗೆ ಬಂದ ಸಿಟ್ಟು ನೋಡಬೇಕಿತ್ತು. "ನಾಳೆಯಿಂದ ಒಬ್ಬರಿಗೂ ಊಟ ಇಲ್ಲ" ಎಂದು ಮೈಕಿನಲ್ಲೇ ಹೇಳಿಬಿಟ್ಟರು.

ನಗಬೇಡ ಎನ್ನುವುದಾದರೆ ನಗುವುದಿಲ್ಲ. ಆದರೆ ನಾನು ಓಡಾಡದೆ ಕೂತರೆ ಸತ್ತುಹೋಗುತ್ತೇನೆ ಕಾವ್ಯ. ಉತ್ಸಾಹ ಎಲ್ಲಿಂದ ಬರುತ್ತದೆ ಎಂದು ಕೇಳಿದೆಯಲ್ಲ, ಅದಕ್ಕೆ ಉತ್ತರ ಇದೆ. ಇವತ್ತು ಬರೆಯುವ ಧೈರ್ಯ ಇಲ್ಲ.

ಶಾಂಭವಿ

*

ಹೊಸಕೊಲ್ಲಿ
6 ಆಗಸ್ಟ್ 2025

ಕಾವ್ಯ,

ಹದಿನಾರು ದಿನ ಆಯಿತು, ನಿನ್ನಿಂದ ಒಂದು ಸಾಲಿಲ್ಲ. ಪೋಸ್ಟ್‌ಮ್ಯಾನ್ ನನ್ನನ್ನು ಕಂಡರೆ ದಾರಿ ಬದಲಿಸುತ್ತಾನೆ.

ಇವತ್ತು ತಮಾಷೆ ಇಲ್ಲ. ಹೇಳಬೇಕಾದದ್ದನ್ನು ಹೇಳಿಬಿಡುತ್ತೇನೆ.

ಆವತ್ತು ನೀನು ಓಟದಲ್ಲಿ ಗೆದ್ದವರ ಹೆಸರು ಓದುತ್ತಿದ್ದೆ. ನಾನು ವೇದಿಕೆಯ ಬಲಗಡೆ ಔಷಧಿ ಮೇಜಿನಲ್ಲಿದ್ದೆ. ಮೊದಲ ಸದ್ದು ಬಂತು. ತೆಂಗಿನಕಾಯಿ ಸ್ಪರ್ಧೆ ಮೂರು ಗಂಟೆಗೆ ಎಂದಿದ್ದರು, ಬೇಗ ಶುರು ಮಾಡಿದ್ದಾರೆ ಅಂದುಕೊಂಡೆ. ಹೊರಗಿನಿಂದ ಬಂದ ಕೆಲವರು ಗಾಬರಿಯಿಂದ ಎದ್ದರು. ಮೆಟ್ಟಿಲ ಮೇಲೆ ಮಕ್ಕಳು ಕೂತಿದ್ದರು, ಪಾಚಿಗಟ್ಟಿದ ಮೆಟ್ಟಿಲು, ನೂಕುನುಗ್ಗಲಾದರೆ ಬಿದ್ದು ಕೈಕಾಲು ಮುರಿದುಕೊಳ್ಳುತ್ತವೆ ಎನಿಸಿತು. ಕೈಗೆ ಸಿಕ್ಕ ಔಷಧಿ ಚೀಟಿಯ ಮೇಲೆ ಬರೆದೆ. "ತೆಂಗಿನಕಾಯಿ ಸ್ಪರ್ಧೆ ಶುರುವಾಗಿದೆ, ಗಾಬರಿ ಬೇಡ, ಎಲ್ಲರೂ ಕೂತಿರಿ." ವೇದಿಕೆಯ ಅಂಚಿಗೆ ಬಂದು ಮೈಕಿನ ಹತ್ತಿರ ಇಟ್ಟೆ. ನೀನು ನನ್ನ ಕಡೆ ನೋಡಲಿಲ್ಲ, ಹಾಗೇ ಓದಿದೆ.

ಆ ಮಾತು ನಿನ್ನದಲ್ಲ ಕಾವ್ಯ, ನನ್ನದು. ನಾನು ಬರೆದದ್ದು, ನೀನು ಓದಿದ್ದು.

ಪೊಲೀಸರು ಡಿಸ್ಪೆನ್ಸರಿಯಲ್ಲಿ ನಿನ್ನನ್ನು ವಿಚಾರಿಸಿದಾಗ ನಾನು ಪಕ್ಕದ ಕೋಣೆಯಲ್ಲಿದ್ದೆ. "ನಾನೇ ಹೇಳಿದೆ, ಯಾರೂ ಹೇಳಿಕೊಡಲಿಲ್ಲ" ಎಂದೆ ನೀನು. ಆ ಗಾಬರಿಯಲ್ಲಿ ಚೀಟಿ ಮರೆತಿದ್ದಾಳೆ ಅಂದುಕೊಂಡೆ. ಹೋಗಿ ಹೇಳಬೇಕಿತ್ತು. ಹೋಗಲಿಲ್ಲ. ಆಮೇಲೆ ವಿಡಿಯೋ ಬಂತು, ಜನ ನಿನ್ನ ಹೆಸರು ಹಿಡಿದು ಆಡಿಕೊಂಡರು, ಆಗಲೂ ಹೇಳಲಿಲ್ಲ. ನೀನು ಊರು ಬಿಟ್ಟ ದಿನ ಬಾಗಿಲಲ್ಲಿ ನಿಂತು ಕೈ ಬೀಸಿದೆ. ನಾನು ಹೇಡಿ. ಗೇಟು, ಗಂಟೆ, ಬಾಳೆದಿಂಡು, ಗುರುವಾರ, ಎಲ್ಲವೂ ಅದಕ್ಕೇ. ಉತ್ಸಾಹ ಎಂದು ನೀನು ಅಂದುಕೊಂಡದ್ದು ಇದೇ.

ನಾಳೆ ಗುರುವಾರ. ಕೂಟದಲ್ಲಿ ಎಲ್ಲರ ಮುಂದೆ ಹೇಳುತ್ತೇನೆ. ನಿನಗೆ ಮೊದಲು ಹೇಳದೆ ಅವರಿಗೆ ಹೇಳಬಾರದು ಅನಿಸಿತು.

ಶಾಂಭವಿ

*

ಹಿರಿಯೂರು
13 ಆಗಸ್ಟ್ 2025

ಅಕ್ಕ,

ನನಗೆ ಗೊತ್ತಿತ್ತು.

ಆರು ವರ್ಷ ನಿಮ್ಮ ಕೈಬರಹದ ಔಷಧಿ ಚೀಟಿ ನೋಡಿದವಳು ನಾನು. 'ಕ' ಬರೆದರೆ ತಲೆಕಟ್ಟು ಹಾರಿ ಮುಂದಿನ ಅಕ್ಷರದ ಮೇಲೆ ಬೀಳುತ್ತದೆ. ಓದುವಾಗಲೇ ಗೊತ್ತಿತ್ತು, ಪೊಲೀಸರು ಕೇಳುವಾಗಲೂ ಗೊತ್ತಿತ್ತು. ಚೀಟಿ ಆಗ ನನ್ನ ಬ್ಲೌಸಿನೊಳಗಿತ್ತು. ಪಕ್ಕದ ಕೋಣೆಯಲ್ಲಿ ನೀವು ಪ್ರಜ್ಞೇಶನ ಭುಜ ಒತ್ತಿ ಹಿಡಿದಿದ್ದಿರಿ, ಮೊಣಕೈವರೆಗೂ ರಕ್ತ. ಊರಿಗೆ ಆ ಕೈ ಬೇಕಿತ್ತು. ಚೀಟಿ ತೋರಿಸಿದ್ದರೆ ಮಾರನೆಯ ದಿನ ಯಾರೂ ನಿಮ್ಮಿಂದ ಬ್ಯಾಂಡೇಜು ಹಾಕಿಸಿಕೊಳ್ಳುತ್ತಿರಲಿಲ್ಲ. ಹಾಗೆ ಯೋಚಿಸಿ ಸುಮ್ಮನಾದೆ. ನೀವು ಬಂದು ಹೇಳುತ್ತೀರಿ ಎಂದು ಕಾದೆ. ಅದೂ ನಿಜ.

ನಿಮ್ಮ ಪತ್ರ ಒಡೆಯದೆ ನಾಲ್ಕು ದಿನ ಇಟ್ಟದ್ದು ಯಾಕೆ ಎಂದು ಈಗ ತಿಳಿಯಿತೇ? ಲಕೋಟೆಯ ಮೇಲೆ ಅದೇ 'ಕ'.

ಮೂರು ರಾತ್ರಿ ನಿಮ್ಮ ಮೇಲೆ ಕೂಗಾಡಿದೆ ಅಕ್ಕ, ಮನಸ್ಸಿನಲ್ಲೇ. ನಾಲ್ಕನೆಯ ದಿನ ಚಿಕ್ಕಮ್ಮ "ಏನೇ, ಗುನುಗ್ತಾ ಇದ್ದೀಯಲ್ಲ" ಎಂದರು. ಗುನುಗುತ್ತಿದ್ದೆನಂತೆ. ನಿಜ ಹೇಳುತ್ತೇನೆ, ಒಂದು ವರ್ಷದಿಂದ ಎದೆಯ ಮೇಲೆ ಇದ್ದ ಕಲ್ಲನ್ನು ಯಾರೋ ಇನ್ನೊಂದು ಕಡೆಯಿಂದ ಎತ್ತಿ ಹಿಡಿದಂತಾಗಿದೆ. ನಿನ್ನೆ ಚಿತ್ರದುರ್ಗಕ್ಕೂ ಹೋಗಿ ಬಂದೆ.

ಚೀಟಿಯನ್ನು ಇದರ ಜೊತೆ ಕಳಿಸಿದ್ದೇನೆ. ಹಿಂದೆ ತಿರುಗಿಸಿ ನೋಡಿ. ಇಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತು ಎಷ್ಟೋ ಸಲ ಮನಸ್ಸಿನಲ್ಲಿ ಹೇಳಿಕೊಂಡ ಮಾತು, ಈಗ ಬರೆದಿದ್ದೇನೆ.

"ಎಲ್ಲರೂ ಏಳಿ. ಇದು ಸ್ಪರ್ಧೆಯಲ್ಲ. ಮಕ್ಕಳ ಕೈ ಹಿಡಿಯಿರಿ. ಸಾಮಾನು ಬಿಡಿ. ಹಿಂದಿನ ಗೇಟು ತೆರೆದಿದೆ, ಆ ಕಡೆ ಓಡಿ."

ಅಡುಗೆ ಶೆಡ್ಡಿನ ಕಡೆ ಹೋಗದಂತೆ ಗೇಟಿನ ಹೆಸರು ಹೇಳಲೇಬೇಕು. ಮೂರು ಸಲ ಹೇಳಬೇಕು. ಯಾರಾದರೂ ಓದಲಿ. ನಾನು ಬರುವುದಿಲ್ಲ. ಹುಚ್ಚಮ್ಮನ ಮುಖ ನೋಡಲಾರೆ.

ಕಾವ್ಯ

*

ಹೊಸಕೊಲ್ಲಿ
18 ಆಗಸ್ಟ್ 2025

ಸ್ಪೀಡ್ ಪೋಸ್ಟ್

ಕಾವ್ಯ! ಕಾವ್ಯ! ಕಾವ್ಯ!

ಚೀಟಿ ಸಿಕ್ಕಿತು. ಎರಡೂ ಬದಿ ಓದಿದೆ. ನಿನಗೆ ಏನು ಹೇಳಲಿ? ಹೇಳಲು ಹೊರಟರೆ ಈ ಕಾಗದ ಒದ್ದೆಯಾಗುತ್ತದೆ. ಕಾದೆ ಎಂದು ಬರೆದಿದ್ದೀಯ, ಆ ಒಂದು ಮಾತಿಗೆ ನಾನು ಬದುಕಿರುವವರೆಗೂ ತಪ್ಪುಕಾಣಿಕೆ ಸಲ್ಲಿಸಬೇಕು. ಸಲ್ಲಿಸುತ್ತೇನೆ. ಈಗ ಮುಖ್ಯವಾದದ್ದು ಕೇಳು.

ಕೂಟದಲ್ಲಿ ಹೇಳಿದೆ. ಕಂಬ ಹಿಡಿದುಕೊಂಡೇ ಹೇಳಿದೆ. ಒಬ್ಬರು ಎದ್ದು ಹೋದರು, ಅವರು ಈಗಲೂ ನನ್ನ ಜೊತೆ ಮಾತಾಡುತ್ತಿಲ್ಲ, ಅದು ಅವರ ಹಕ್ಕು. ಪ್ರಜ್ಞೇಶ್ ತಲೆ ತಗ್ಗಿಸಿ ಕೂತ. ಆಗ ಹುಚ್ಚಮ್ಮ ಬಾಯಿ ಬಿಟ್ಟಳು. ಇಷ್ಟು ತಿಂಗಳಲ್ಲಿ ಆಕೆ ಕೂಟದಲ್ಲಿ ಮಾತಾಡಿದ್ದೇ ಇಲ್ಲ.

"ಬರ್ದೋಳು ನೀನು. ಓದ್ದೋಳು ಅವ್ಳು. ಹೊಡ್ದೋನು ಯಾರವ್ವ?" ಎಂದಳು.

ಹಾಗೆಂದು ನನ್ನ ಕಡೆ ತಿರುಗಿ "ಆ ಟೀಚರಮ್ಮನ್ನ ಕರ್ಸು" ಎಂದಳು. ಈ ಮಾತು ಆಕೆ ಜುಲೈನಲ್ಲೂ ಒಂದು ಸಲ ನನ್ನೊಬ್ಬಳಿಗೇ ಹೇಳಿದ್ದಳು. ಬೈಯಲು ಕರೆಯುತ್ತಿದ್ದಾಳೆ ಅಂದುಕೊಂಡು ನಿನಗೆ ಬರೆಯಲಿಲ್ಲ. ಈಗಲೂ ಯಾಕೆ ಎಂದು ನನಗೆ ಗೊತ್ತಿಲ್ಲ. ನಿನಗೆ ಇನ್ನು ಮೇಲೆ ಏನನ್ನೂ ಮುಚ್ಚಿಡುವುದಿಲ್ಲ, ಅದಕ್ಕೇ ಇದ್ದದ್ದು ಇದ್ದಂತೆ ಬರೆದಿದ್ದೇನೆ.

ವಿಡಿಯೋ ತೆಗೆಸಲು ಅರ್ಜಿ ಕೊಟ್ಟಿದ್ದೇವೆ, ಮುತ್ತಮ್ಮನವರೇ ಸೈಬರ್ ಠಾಣೆಗೆ ಹೋಗಿ ಮೇಜು ಗುದ್ದಿ ಬಂದರು. ಒಂದು ಕಡೆ ತೆಗೆದರೆ ಇನ್ನೊಂದು ಕಡೆ ಬರುತ್ತದಂತೆ. ಆದರೂ ಬಿಡುವುದಿಲ್ಲ.

ಮೈಸೂರಿಗೆ ಬಂದು ವಿರಾಜಪೇಟೆ ಬಸ್ಸು ಹತ್ತು. ಪ್ರಜ್ಞೇಶ್ ಬಸ್‌ಸ್ಟ್ಯಾಂಡಿನಲ್ಲಿ ಜೀಪು ಇಟ್ಟುಕೊಂಡು ಕಾಯುತ್ತಾನೆ. ಬರದಿದ್ದರೆ ನಿನ್ನ ಮಾತನ್ನು ನಾನೇ ಓದುತ್ತೇನೆ. ನನ್ನ ದನಿ ಕೇಳಿದರೆ ಜನ ಇಂಜೆಕ್ಷನ್ನಿಗೆ ಸಾಲು ನಿಲ್ಲುತ್ತಾರೆ, ಹೇಳಿದ್ದೇನೆ!

ನಿನ್ನ ಅಕ್ಕ

*

ಹಿರಿಯೂರು
23 ಆಗಸ್ಟ್ 2025

ಅಕ್ಕ,

ಬರುವ ಶನಿವಾರ ಸಂಜೆ ಐದಕ್ಕೆ ವಿರಾಜಪೇಟೆ. ಜೀಪಿನಲ್ಲಿ ಯಾರೂ ನನ್ನನ್ನು ಮಾತಾಡಿಸಬೇಡಿ. ಬಿಟ್ಟಂಗಾಲ ಊರು ದಾಟುವವರೆಗೂ ನಾನು ವಾಪಸು ಹೋಗಬಹುದು.

ಮೈಕ್ ಪರೀಕ್ಷೆ ಮಾಡಿಸಿಡಿ. ಅದು ಹೋದ ವರ್ಷ ಕೀಚಲು ಹೊಡೆಯುತ್ತಿತ್ತು.

ಕಾವ್ಯ

*

ಹೊಸಕೊಲ್ಲಿ
3 ಸೆಪ್ಟೆಂಬರ್ 2025

ನನ್ನ ಕಾವ್ಯ,

ನೀನು ಸೋಮವಾರ ಬೆಳಿಗ್ಗೆ ಬಸ್ಸು ಹತ್ತಿದೆ, ಹೊಲಿಗೆಯ ಕೆಲಸ ಬಾಕಿ ಇದೆ ಎಂದೆ. ಊರಿನಲ್ಲಿ ಇನ್ನೂ ನಿನ್ನದೇ ಮಾತು! ಎರಡು ನಿಮಿಷ ಹತ್ತು ಸೆಕೆಂಡಿಗೆ ಮೈದಾನ ಖಾಲಿ. ನಾನೂರ ಹನ್ನೆರಡು ಜನ! ಛತ್ರಿ ಬಿಟ್ಟು, ಚಪ್ಪಲಿ ಬಿಟ್ಟು, ಒಬ್ಬರು ಹೊಸ ಕುಕ್ಕರ್ ಬಿಟ್ಟು ಓಡಿದರು. ಕೀರ್ತಿಕುಮಾರ್ ಗಡಿಯಾರ ನೋಡಿ "ಇಷ್ಟು ಬೇಗ ಯಾವೂರಲ್ಲೂ ಆಗಿಲ್ಲ" ಎಂದು ಕುಣಿದರು, ಇಸ್ತ್ರಿ ಅಂಗಿಯೆಲ್ಲ ಕೆಸರು. ಮುತ್ತಮ್ಮನವರು ಊಟ ಹಾಕಿಸಿದರು. ಜಯಪ್ಪನವರು ಮಾತ್ರ ಗಂಟೆಯನ್ನು ಮರದಿಂದ ಬಿಚ್ಚಿ ಬೇಜಾರಿನಿಂದ ಲೈನ್‌ಮನೆಗೆ ಹೊತ್ತುಕೊಂಡು ಹೋದರು.

ಈಗ ಮುಖ್ಯವಾದ ವಿಷಯ. ನೀನು ಕಣ್ಣು ಮುಚ್ಚಿಕೊಂಡೇ ಮಾತಾಡಿದೆ, ನಾನು ಪಕ್ಕದಲ್ಲೇ ನಿಂತಿದ್ದೆ. ಮೂರನೇ ಸಲ ಹೇಳಿ ಕಣ್ಣು ಬಿಟ್ಟಾಗ ಎಡಗಡೆ ಮೂರನೇ ಸಾಲಿನ ಕುರ್ಚಿ ಖಾಲಿ ಇತ್ತು. ಆಮೇಲೆ ಊಟದ ಹೊತ್ತಿಗೆ "ಹುಚ್ಚಮ್ಮ ಬರಲೇ ಇಲ್ಲ ಅಲ್ವಾ ಅಕ್ಕ" ಎಂದೆ. ನಿನ್ನ ಮುಖ ಬಾಡಿದ್ದು ನೋಡಿದೆ. ನಾನು ಏನೂ ಹೇಳಲಿಲ್ಲ. ಎರಡು ದಿನ ಬಾಯಿ ಬಿಗಿಹಿಡಿದು ನಾನು ಪಟ್ಟ ಪಾಡು ಆ ಶಿವನಿಗೇ ಗೊತ್ತು. ಮೈದಾನ ಖಾಲಿಯಾದ ಮೇಲೆ ಗೇಟಿನ ಹತ್ತಿರ ಆಕೆ ನನ್ನ ಕೈ ಹಿಡಿದು "ನೀನ್ ಹೇಳ್ಬ್ಯಾಡ, ನಾನೇ ಹೇಳ್ತೀನಿ" ಎಂದಿದ್ದಳು. ಆದರೆ ನೀನು ಹೊರಡುವವರೆಗೂ ಆಕೆಗೆ ನಿನ್ನ ಎದುರು ಬರಲು ಆಗಲಿಲ್ಲ. ನಿನ್ನಂತೆಯೇ.

ನಿನ್ನೆ ಬಿ.ಪಿ. ಮಾತ್ರೆಗೆ ಡಿಸ್ಪೆನ್ಸರಿಗೆ ಬಂದಳು. ಸ್ಟೂಲಿನ ಮೇಲೆ ಕೂತು "ಕಾಗ್ದ ತಗ, ನಾನ್ ಹೇಳಿದಂಗೆ ಬರಿ, ನಿನ್ನ ಮಾತು ಸೇರಿಸ್ಬ್ಯಾಡ" ಎಂದಳು. ಇನ್ನು ಮುಂದಿನದು ಆಕೆಯದು. ಬರೆದ ಕೈ ಮಾತ್ರ ನನ್ನದು, ನಿನಗೆ ಗುರುತಿರುವ ಕೈ.

"ಟೀಚರಮ್ಮ, ನಾನು ಹುಚ್ಚಮ್ಮ. ಭಾನ್ವಾರ ನಾನು ಅಲ್ಲೇ ಇದ್ದೆ ಕಣವ್ವ, ಕುರ್ಚಿ ಮೇಲೆ. ನೀನ್ ಕಣ್ ಮುಚ್ಕೊಂಡಿದ್ದೆ. ನಮ್ಮನೆಯವ್ರು ನಿನ್ನ ಮಾತಿಗೆ ಕುಂತ್ರು. ಅದ್ಕೆ ಬ್ಯಾರೆ ಯಾರು ಏಳಿ ಅಂದ್ರೂ ನಾನ್ ಏಳಾಕಿಲ್ಲ ಅಂತ ಕುಂತಿದ್ದೆ. ಗಂಟೆ ಹೊಡುದ್ರು, ಏಳ್ಲಿಲ್ಲ. ಮುತ್ತವ್ವೋರು ಕೂಗುದ್ರು, ಏಳ್ಲಿಲ್ಲ. ನೀನ್ ಏಳಿ ಅಂದೆ. ನಾನ್ ಎದ್ದೆ. ಗೇಟ್‌ಗಂಟ ನಡ್ದೆ, ತಳ್ದೆ, ತೆರ್ಕಂತು. ಅಷ್ಟೇ ಬರಿ."